ಬಟನ್ ಕಣ್ಣೆದುರೇ ಇದೆ, ಕ್ಲಿಕ್ ಮಾತ್ರ ಬೀಳುತ್ತಿಲ್ಲ

ತೊಗರಿ ಖರೀದಿಗೆ ರೈತರ ಹೆಸರು ನೋಂದಾಯಿಸುವ ಒಂದು ವೆಬ್ ಫಾರ್ಮ್ ಇದೆ ಎಂದುಕೊಳ್ಳಿ. ಜಿಲ್ಲೆ ಆರಿಸಿದರೆ ತಾಲ್ಲೂಕುಗಳ ಪಟ್ಟಿ ಬರುತ್ತದೆ, ತಾಲ್ಲೂಕು ಆರಿಸಿದರೆ ಊರುಗಳ ಪಟ್ಟಿ, ಎಲ್ಲ ತುಂಬಿದ ಮೇಲೆ ‘ಸಲ್ಲಿಸಿ’ ಬಟನ್. ಮೌಸ್ ಹಿಡಿದು ಪರೀಕ್ಷಿಸಿದರೆ ಯಾವ ತಕರಾರೂ ಇಲ್ಲ. ಅದೇ ಕೆಲಸವನ್ನು ಸೆಲೆನಿಯಮ್ (ಬ್ರೌಸರನ್ನು ತಾನಾಗಿ ನಡೆಸುವ ಸಾಧನ) ಸ್ಕ್ರಿಪ್ಟಿಗೆ ಒಪ್ಪಿಸಿ ನೋಡಿ: ಒಮ್ಮೆ ಪಾಸ್, ಇನ್ನೊಮ್ಮೆ ಫೇಲ್, ಫೇಲಾಗುವುದೂ ಪ್ರತಿ ಸಲ ಬೇರೆ ಬೇರೆ ಸಾಲಿನಲ್ಲಿ. ಈ ಫಾರ್ಮಿಗೆ ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಗಳನ್ನೇ ಇಟ್ಟುಕೊಳ್ಳೋಣ. ಈ ಮೂರರ ತಾಲ್ಲೂಕು ಪಟ್ಟಿಯಲ್ಲೇ ನಮಗೆ ಬೇಕಾದ ತೊಡಕೆಲ್ಲ ಅಡಗಿದೆ.

ಪಟ್ಟಿ ಇನ್ನೂ ಬಂದಿರದಿದ್ದರೆ ಮನುಷ್ಯನ ಕೈ ತಾನಾಗಿಯೇ ತಡೆಯುತ್ತದೆ. ಚಕ್ರ ಸುತ್ತುತ್ತಿದ್ದರೆ ನಿಲ್ಲುವವರೆಗೆ ಕಾಯುತ್ತೇವೆ, ಬಟನ್ ಮೇಲೆ ಏನಾದರೂ ತೇಲಿಬಂದರೆ ಸರಿಸಿ ಒತ್ತುತ್ತೇವೆ. ಇದನ್ನೆಲ್ಲ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಕ್ರಿಪ್ಟು ಹಾಗಲ್ಲ, ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು. ಹೀಗಾಗಿ ಕ್ಲಿಕ್ ಆಟೊಮೇಷನ್ನಿನಲ್ಲಿ ಕ್ಲಿಕ್ ಮಾಡಿಸುವ ಸಾಲು ಒಂದೇ ಒಂದು. ಮಿಕ್ಕ ದುಡಿಮೆಯೆಲ್ಲ ಎರಡು ಗುರುತು ಹುಡುಕುವುದರಲ್ಲಿ ಹೋಗುತ್ತದೆ: ಪುಟ ಕ್ಲಿಕ್ಕಿಗೆ ಸಿದ್ಧವಾಗಿದೆ ಅನ್ನಲು ಒಂದು, ಕ್ಲಿಕ್ ನಾಟಿದೆ ಅನ್ನಲು ಇನ್ನೊಂದು.

ಒಂದು ಕ್ಲಿಕ್ಕಿನ ಒಳಗೆ

ಸೆಲೆನಿಯಮ್ ಶುರುವಾದದ್ದು 2004ರಲ್ಲಿ, ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗಿನ್ಸ್ ಅವರಿಂದ. ಆಗ ಅದು ಪುಟದೊಳಗೇ ಜಾವಾಸ್ಕ್ರಿಪ್ಟ್ ಸೇರಿಸಿ ಕೆಲಸ ಮಾಡಿಸುತ್ತಿತ್ತು. ಬ್ರೌಸರನ್ನು ಹೊರಗಿನಿಂದ ನಡೆಸುವ ವೆಬ್‌ಡ್ರೈವರ್ ಆಮೇಲೆ ಬಂದು ಅದರೊಂದಿಗೆ ಸೇರಿತು; 2018ರ ಜೂನ್‌ನಲ್ಲಿ ಅದು ವೆಬ್ಬಿನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಮಾನದಂಡವೂ ಆಯಿತು. ‘ಈ ಎಲಿಮೆಂಟ್ (ಬಟನ್, ಪಟ್ಟಿಯಂಥ ಪುಟದ ಒಂದು ಭಾಗ) ಕ್ಲಿಕ್ ಮಾಡು’ ಅಂದಾಗ ನಡೆಯಬೇಕಾದದ್ದೇನು ಎಂಬುದು ಆ ಮಾನದಂಡದಲ್ಲಿ ಹಂತಹಂತವಾಗಿ ಇದೆ.

ಮೊದಲು, ಹಿಡಿದಿರುವ ಎಲಿಮೆಂಟ್ ಇನ್ನೂ ಪುಟದಲ್ಲಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ‘ಸ್ಟೇಲ್ ಎಲಿಮೆಂಟ್’ ದೋಷ. ಇದ್ದರೆ ಪರದೆಯೊಳಗೆ ಬರುವಂತೆ ಪುಟವನ್ನು ಸರಿಸುತ್ತದೆ. ಆಮೇಲೆ ಎಲಿಮೆಂಟಿನ ಕಾಣುವ ಭಾಗದ ನಟ್ಟನಡು ಬಿಂದುವನ್ನು ಲೆಕ್ಕ ಹಾಕಿ, ಆ ಬಿಂದುವಿನಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಯಾವುದು ಎಂದು ಕೇಳುತ್ತದೆ. ಅದು ನಮ್ಮ ಎಲಿಮೆಂಟೋ ಅದರ ಮಗುವೋ ಆಗಿದ್ದರೆ ಸರಿ. ಬೇರೆ ಯಾವುದೋ ಆಗಿದ್ದರೆ ‘ಕ್ಲಿಕ್ ಇಂಟರ್ಸೆಪ್ಟೆಡ್’ ದೋಷ. ಇಷ್ಟೂ ದಾಟಿದ ಮೇಲಷ್ಟೇ ಪಾಯಿಂಟರ್ ಅಲ್ಲಿಗೆ ಹೋಗಿ, ಒತ್ತಿ, ಬಿಡುತ್ತದೆ.

ಇದನ್ನು ತಲೆಯಲ್ಲಿಟ್ಟುಕೊಂಡರೆ ದೋಷದ ಹೆಸರು ನೋಡಿಯೇ ಎಲ್ಲಿ ಕೈಕೊಟ್ಟಿತು ಎಂದು ತಿಳಿಯುತ್ತದೆ. ‘ನೋ ಸಚ್ ಎಲಿಮೆಂಟ್’ ಅಂದರೆ ಹುಡುಕಿದ ಹೊತ್ತಿಗೆ ಅದು ಇನ್ನೂ ಹುಟ್ಟಿರಲಿಲ್ಲ, ಇಲ್ಲವೇ ಹುಡುಕಿದ ಜಾಗ ತಪ್ಪು. ‘ನಾಟ್ ಇಂಟರಾಕ್ಟೆಬಲ್’ ಅಂದರೆ ಇದೆ, ಆದರೆ ಅಡಗಿಸಿಟ್ಟಿದ್ದಾರೆ ಅಥವಾ ಅಗಲ ಎತ್ತರ ಸೊನ್ನೆ. ಎಲ್ಲದಕ್ಕೂ ‘ವೆಬ್‌ಸೈಟ್ ಸ್ಲೋ ಇದೆ’ ಎಂಬ ಒಂದೇ ಮದ್ದು ನಡೆಯುವುದಿಲ್ಲ.

ನಿದ್ದೆ ಮಾಡಿಸುವುದು ಮದ್ದಲ್ಲ

ಹೆಚ್ಚಿನವರು ಮೊದಲು ಕಲಿಯುವುದೇ ‘ಸ್ಲೀಪ್’. ಪ್ರತಿ ಕ್ಲಿಕ್ಕಿಗೆ ಮುಂಚೆ 5 ಸೆಕೆಂಡು ಸುಮ್ಮನೆ ನಿಲ್ಲಿಸುವುದು. ಲೆಕ್ಕ ಹಾಕಿ: ಒಂದು ಟೆಸ್ಟಿನಲ್ಲಿ 8 ಕ್ಲಿಕ್ ಇದ್ದರೆ 40 ಸೆಕೆಂಡು ನಿದ್ದೆ, ಅಂಥ 150 ಟೆಸ್ಟಿದ್ದರೆ 6,000 ಸೆಕೆಂಡು, ಅಂದರೆ 1 ಗಂಟೆ 40 ನಿಮಿಷ. ಪಟ್ಟಿ ಅರ್ಧ ಸೆಕೆಂಡಿನಲ್ಲೇ ಬಂದ ದಿನವೂ ಇಷ್ಟು ಹೊತ್ತು ದಂಡ. ಸರ್ವರ್ 6 ಸೆಕೆಂಡು ತೆಗೆದುಕೊಂಡ ದಿನ ಇಷ್ಟು ಮಲಗಿಯೂ ಫೇಲ್.

ಸೆಲೆನಿಯಮ್ಮಿನಲ್ಲಿ ಬಳಸಬೇಕಾದದ್ದು ಎಕ್ಸ್‌ಪ್ಲಿಸಿಟ್ ವೇಟ್. ಒಂದು ಷರತ್ತು, ಒಂದು ಗರಿಷ್ಠ ಅವಧಿ ಕೊಟ್ಟರೆ ಅದು ಪ್ರತಿ 500 ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ. ಪಟ್ಟಿ 0.8 ಸೆಕೆಂಡಿಗೆ ಬಂದರೆ ಸುಮಾರು 1 ಸೆಕೆಂಡಿಗೆ ಮುಂದಕ್ಕೆ ಹೋಗುತ್ತದೆ. ಬಾರದಿದ್ದರೆ ಗಡುವಿನವರೆಗೆ ಕಾದು ‘ಟೈಮ್‌ಔಟ್’ ಅನ್ನುತ್ತದೆ. ಗಡುವು 15 ಸೆಕೆಂಡು ಇಟ್ಟರೂ ನಷ್ಟವಿಲ್ಲ, ಬೇಗ ಬಂದದ್ದಕ್ಕೆ ಅದು ಕಾಯುವುದಿಲ್ಲವಲ್ಲ.

ಇದರ ಜೊತೆಗೆ ಇಂಪ್ಲಿಸಿಟ್ ವೇಟ್ ಎಂಬುದೊಂದಿದೆ. ಒಮ್ಮೆ ಹೇಳಿಟ್ಟರೆ ಎಲ್ಲ ಹುಡುಕಾಟಕ್ಕೂ ಅನ್ವಯ, ಮೊದಲಿಗೆ ಅದರ ಬೆಲೆ ಸೊನ್ನೆ. ಎರಡನ್ನೂ ಕೂಡಿಸಿ ಬಳಸಬೇಡಿ ಎಂದು ಸೆಲೆನಿಯಮ್ಮಿನ ಕೈಪಿಡಿಯೇ ಎಚ್ಚರಿಸುತ್ತದೆ. ಇಂಪ್ಲಿಸಿಟ್ 10, ಎಕ್ಸ್‌ಪ್ಲಿಸಿಟ್ 15 ಇಟ್ಟರೆ 20 ಸೆಕೆಂಡಿನ ಮೇಲೆ ಟೈಮ್‌ಔಟ್ ಆಗಬಹುದು. ಇಂಪ್ಲಿಸಿಟ್ಟನ್ನು ಸೊನ್ನೆಯಲ್ಲೇ ಬಿಡುವುದು ನಮ್ಮ ಸಲಹೆ.

ಆದರೆ ಯಾವ ಷರತ್ತು? ಇಲ್ಲೇ ಜಾಣತನ ಬೇಕಾಗುವುದು. ಕಲಬುರಗಿ ಜಿಲ್ಲೆಗೆ 11 ತಾಲ್ಲೂಕು, ಬೀದರ್‌ಗೆ 8, ಯಾದಗಿರಿಗೆ 6. ‘ತಾಲ್ಲೂಕು ಪಟ್ಟಿಯಲ್ಲಿ ಒಂದಾದರೂ ಆಯ್ಕೆ ಇರಲಿ’ ಎಂದು ಷರತ್ತು ಬರೆದರೆ ಅದು ಮೊದಲ ಇಣುಕಿನಲ್ಲೇ ನಿಜವಾಗುತ್ತದೆ, ಏಕೆಂದರೆ ‘--ಆಯ್ಕೆಮಾಡಿ--’ ಎಂಬ ಸಾಲೂ ಒಂದು ಆಯ್ಕೆಯೇ. ಸರಿ, ‘ಎರಡಕ್ಕಿಂತ ಹೆಚ್ಚಿರಲಿ’ ಅನ್ನೋಣ. ಕಲಬುರಗಿ ಆರಿಸಿ ಪಟ್ಟಿ ಬಂದ ಮೇಲೆ ಜಿಲ್ಲೆಯನ್ನು ಬೀದರ್‌ಗೆ ಬದಲಿಸಿ ನೋಡಿ. ಹೊಸ ಪಟ್ಟಿ ಸರ್ವರಿನಿಂದ ಬರುವವರೆಗೆ ಹಳೆಯ 11 ತಾಲ್ಲೂಕು ಅಲ್ಲೇ ಕುಳಿತಿರುತ್ತವೆ. ಷರತ್ತು ಆಗಲೇ ನಿಜ! ಸ್ಕ್ರಿಪ್ಟು ಖುಷಿಯಿಂದ ಬೀದರ್ ಜಿಲ್ಲೆಯ ಎರಡನೇ ತಾಲ್ಲೂಕೆಂದು ಕಲಬುರಗಿಯ ಅಫಜಲಪುರವನ್ನು ಆರಿಸಿಬಿಡಬಹುದು.

ಬೀದರಿನ 8ಕ್ಕೆ ‘--ಆಯ್ಕೆಮಾಡಿ--’ ಕೂಡಿಸಿ ‘ಒಟ್ಟು 9 ಸಾಲು ಆಗಲಿ’ ಎಂದು ಕಾಯುವುದು ಮೇಲು, ಆದರೆ ನಾಳೆ ಹೊಸ ತಾಲ್ಲೂಕು ಘೋಷಣೆಯಾದರೆ ಟೆಸ್ಟು ಮುರಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಆ ಜಿಲ್ಲೆಯಲ್ಲಿ ಮಾತ್ರ ಇರುವ ಒಂದು ಹೆಸರಿಗೆ ಕಾಯುವುದು: ಬೀದರ್‌ಗೆ ಭಾಲ್ಕಿ, ಕಲಬುರಗಿಗೆ ಚಿಂಚೋಳಿ, ಯಾದಗಿರಿಗೆ ಸುರಪುರ. ಹೆಸರು ಪೂರ್ತಿ ಹೊಂದಬೇಕು. ‘ಕಮಲ’ ಎಂದು ಅರ್ಧ ಬರೆದು ‘ಕಂಟೇನ್ಸ್’ (ಈ ತುಣುಕು ಹೆಸರಿನಲ್ಲಿ ಎಲ್ಲಿದ್ದರೂ ಸರಿ) ಹಾಕಿದರೆ ಕಲಬುರಗಿಯ ಕಮಲಾಪುರವೂ ಸಿಗುತ್ತದೆ, ಬೀದರ್‌ನ ಕಮಲನಗರವೂ ಸಿಗುತ್ತದೆ. ‘ಶಹಾ’ ಅಂದರೆ ಶಹಾಬಾದ್, ಶಹಾಪುರ ಎರಡೂ.

ಇನ್ನೂ ಒಂದು ಗೋಜಲಿದೆ. ಮೂರೂ ಜಿಲ್ಲೆಗಳ ಹೆಸರೇ ಅವುಗಳ ಒಂದೊಂದು ತಾಲ್ಲೂಕಿನ ಹೆಸರೂ ಹೌದು. ಪುಟದಲ್ಲಿ ‘ಯಾದಗಿರಿ’ ಎಂಬ ಪಠ್ಯ ಹುಡುಕಿದರೆ ಎರಡು ಎಲಿಮೆಂಟ್ ಸಿಗುತ್ತವೆ. ಸೆಲೆನಿಯಮ್ ಮಾತಿಲ್ಲದೆ ಮೊದಲನೆಯದನ್ನು ಕೊಟ್ಟು ಸುಮ್ಮನಾಗುತ್ತದೆ. ಅದೇ ಥರದ ಇನ್ನೊಂದು ಸಾಧನ ಪ್ಲೇರೈಟ್ ಹಾಗೆ ಬಿಡುವುದಿಲ್ಲ, ಒಂದಕ್ಕಿಂತ ಹೆಚ್ಚು ಸಿಕ್ಕರೆ ಕ್ಲಿಕ್ಕನ್ನೇ ನಿಲ್ಲಿಸಿ ದೋಷ ತೋರಿಸುತ್ತದೆ. ಮೊದಮೊದಲು ಇದು ಕಿರಿಕಿರಿ ಅನ್ನಿಸುತ್ತದೆ. ಆದರೆ ತಪ್ಪು ಜಾಗಕ್ಕೆ ಬಿದ್ದ ಕ್ಲಿಕ್ಕಿಗಿಂತ ಬೀಳದ ಕ್ಲಿಕ್ಕೇ ವಾಸಿ. ಪರಿಹಾರ ಸುಲಭ: ಮೊದಲು ತಾಲ್ಲೂಕಿನ ಪಟ್ಟಿಯನ್ನು ಹಿಡಿದು, ಅದರ ಒಳಗೆ ಮಾತ್ರ ಹೆಸರು ಹುಡುಕುವುದು.

ಪಟ್ಟಿ ನಿಜವಾದ ‘ಸೆಲೆಕ್ಟ್’ ಟ್ಯಾಗೋ ಅಥವಾ ಹಾಗೆ ಕಾಣುವಂತೆ ‘ಡಿವ್’ ಎಂಬ ಸಾದಾ ಟ್ಯಾಗುಗಳಿಂದ ಕಟ್ಟಿದ್ದೋ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಸೆಲೆನಿಯಮ್ಮಿನ ‘ಸೆಲೆಕ್ಟ್’ ಕ್ಲಾಸು ಎರಡನೆಯದಕ್ಕೆ ನಡೆಯುವುದಿಲ್ಲ. ಅಲ್ಲಿ ಪೆಟ್ಟಿಗೆಯನ್ನು ಕ್ಲಿಕ್ಕಿಸಿ, ಪಟ್ಟಿ ಬಿಚ್ಚಿಕೊಳ್ಳಲು ಕಾದು, ಸಾಲನ್ನು ಕ್ಲಿಕ್ಕಿಸಬೇಕು.

ಬಸ್ಸು ಬದಲಾಯಿತು, ಕರ್ಚೀಫು ಹೋಯಿತು

‘ಸ್ಟೇಲ್ ಎಲಿಮೆಂಟ್’ ದೋಷ ಹೊಸಬರನ್ನು ಬಹಳ ಕಾಡುತ್ತದೆ, ಯಾಕೆಂದರೆ ಎಲಿಮೆಂಟ್ ಪರದೆಯ ಮೇಲೆ ಎದುರಿಗೇ ಇರುತ್ತದೆ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಸೇಡಂ ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದಿರಿ. ಚಹಾ ಕುಡಿದು ಬರುವಷ್ಟರಲ್ಲಿ ಆ ಗಾಡಿಯನ್ನು ಡಿಪೋಗೆ ಕಳಿಸಿ ಬೇರೆ ಗಾಡಿ ತಂದು ನಿಲ್ಲಿಸಿದ್ದಾರೆ. ಬೋರ್ಡು ಅದೇ, ಪ್ಲಾಟ್‌ಫಾರ್ಮ್ ಅದೇ, ಹೊರಡುವ ಹೊತ್ತೂ ಅದೇ. ನಿಮ್ಮ ಕರ್ಚೀಫು ಮಾತ್ರ ಹಳೇ ಗಾಡಿಯಲ್ಲಿ ಹೋಯಿತು. ಪುಟ ಕಟ್ಟುವ ಫ್ರೇಮ್‌ವರ್ಕುಗಳಾದ ರಿಯಾಕ್ಟ್, ಆಂಗ್ಯುಲರ್‌ನಂಥವುಗಳಿಂದ ಕಟ್ಟಿದ ಪುಟ ಡೇಟಾ ಬದಲಾದಾಗ ಹೀಗೇ ಹಳೆಯ ಎಲಿಮೆಂಟನ್ನು ಕಿತ್ತು ಅದೇ ಥರದ ಹೊಸದನ್ನು ಕೂರಿಸಬಹುದು. ಸೆಲೆನಿಯಮ್ಮಿನ ವೇರಿಯಬಲ್ಲಿನಲ್ಲಿ ಇರುವುದು ಹಳೆಯದರ ಗುರುತು.

ಆದ್ದರಿಂದ ಎಲಿಮೆಂಟನ್ನು ಮೊದಲೇ ಹಿಡಿದು ವೇರಿಯಬಲ್ಲಿನಲ್ಲಿ ಇಟ್ಟುಕೊಳ್ಳಬೇಡಿ. ಹುಡುಕುವ ವಿಧಾನವನ್ನು ಮಾತ್ರ ಇಟ್ಟುಕೊಂಡು, ಕ್ಲಿಕ್ಕಿನ ಗಳಿಗೆಯಲ್ಲೇ ಹುಡುಕಿ. ಪಟ್ಟಿಯ ಎಲ್ಲ ಸಾಲನ್ನು ಒಮ್ಮೆಲೇ ಹಿಡಿದು ಒಂದೊಂದಾಗಿ ಕ್ಲಿಕ್ಕಿಸುವ ಲೂಪಂತೂ ಎರಡನೇ ಸುತ್ತಿನಲ್ಲೇ ಮುಗ್ಗರಿಸುತ್ತದೆ, ಮೊದಲ ಕ್ಲಿಕ್ಕು ಪಟ್ಟಿಯನ್ನೇ ಹೊಸದಾಗಿ ಬರೆದಿರುತ್ತದೆ. ಪ್ಲೇರೈಟಿನ ‘ಲೊಕೇಟರ್’ ಈ ತತ್ತ್ವದ ಮೇಲೇ ನಿಂತಿದೆ. ಅದು ಎಲಿಮೆಂಟನ್ನು ಹಿಡಿದಿಡುವುದಿಲ್ಲ, ಬಳಸಿದಾಗಲೆಲ್ಲ ಹೊಸದಾಗಿ ಹುಡುಕುತ್ತದೆ.

ಇಂಟರ್ಸೆಪ್ಟೆಡ್ ದೋಷದಲ್ಲಿ ಕ್ಲಿಕ್ಕನ್ನು ತಡೆದವರ ಹೆಸರು ಸಂದೇಶದಲ್ಲೇ ಇರುತ್ತದೆ. ಕ್ರೋಮ್ ‘ಈ ಕ್ಲಿಕ್ ಬೇರೆ ಎಲಿಮೆಂಟಿಗೆ ಹೋಗುತ್ತಿತ್ತು’ ಎಂದು ಅದರ ಟ್ಯಾಗು, ಕ್ಲಾಸು ಸಮೇತ ಬರೆಯುತ್ತದೆ. ಆ ಸಾಲನ್ನು ಓದದೆ ಗೂಗಲ್ ಮಾಡಲು ಓಡುವವರೇ ಜಾಸ್ತಿ. ಹಿಡಿದು ನೋಡಿದರೆ ಆರೋಪಿ ಸಾಮಾನ್ಯವಾಗಿ ಮೂವರಲ್ಲಿ ಒಬ್ಬ. ಲೋಡಿಂಗ್ ಪರದೆಯಾದರೆ ಅದು ಮಾಯವಾಗುವವರೆಗೆ ಕಾಯಿರಿ. ‘ಉಳಿಸಲಾಗಿದೆ’ ಎಂದು ಮೂಲೆಯಲ್ಲಿ ತೇಲುವ ಟೋಸ್ಟ್ ಆದರೆ ಮುಚ್ಚಿ, ಇಲ್ಲವೇ ಹೋಗಲು ಬಿಡಿ. ಮೇಲ್ತುದಿಗೆ ಅಂಟಿಕೊಂಡ ಹೆಡರ್ ಆದರೆ ಎಲಿಮೆಂಟ್ ಪರದೆಯ ನಡುವಿಗೆ ಬರುವಂತೆ ಸ್ಕ್ರೋಲ್ ಮಾಡಿ. ಸ್ಕ್ರೋಲ್ ಆಜ್ಞೆಯಲ್ಲಿ ‘ಬ್ಲಾಕ್’ ಎಂಬುದಕ್ಕೆ ‘ಸೆಂಟರ್’ ಕೊಟ್ಟರೆ ಸಾಕು.

‘ಎಲಿಮೆಂಟ್ ಟು ಬಿ ಕ್ಲಿಕಬಲ್’ ಷರತ್ತು ಹಾಕಿದ್ದರೂ ಈ ದೋಷ ಬರುತ್ತದೆಯಲ್ಲ ಎಂದು ತಲೆ ಕೆರೆದುಕೊಳ್ಳುವವರಿದ್ದಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಅದು ನೋಡುವುದು ಎರಡೇ: ಎಲಿಮೆಂಟ್ ಕಾಣುತ್ತಿದೆಯೇ, ಡಿಸೇಬಲ್ ಆಗಿಲ್ಲವೇ. ಮೇಲೆ ಏನಾದರೂ ಮುಚ್ಚಿದೆಯೇ ಎಂದು ಅದು ಕೇಳುವುದೇ ಇಲ್ಲ. ಇನ್ನು ‘ಡಿವ್’ನಿಂದ ಮಾಡಿದ ಬಟನ್ನಿಗೆ ಬೂದು ಬಣ್ಣ ಬಳಿದಿದ್ದರೂ ಸೆಲೆನಿಯಮ್ಮಿನ ಲೆಕ್ಕದಲ್ಲಿ ಅದು ಸಕ್ರಿಯವೇ.

ಈ ಹಂತದಲ್ಲಿ ಬರುವ ಆಮಿಷವೇ ಜಾವಾಸ್ಕ್ರಿಪ್ಟ್ ಕ್ಲಿಕ್. ಒಂದು ಸಾಲು ಬರೆದರೆ ಯಾವ ದೋಷವೂ ಇಲ್ಲದೆ ಕ್ಲಿಕ್ ಆಗಿಬಿಡುತ್ತದೆ. ಆಗುತ್ತದೆ, ಯಾಕೆಂದರೆ ಅದು ಮೇಲಿನ ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ. ಕುಕೀ ಸೂಚನೆಯ ಅಡಿಯಲ್ಲಿ ಹೂತುಹೋಗಿ ಯಾವ ರೈತನ ಬೆರಳಿಗೂ ಸಿಗದ ಬಟನ್ನನ್ನೂ ಅದು ಒತ್ತುತ್ತದೆ. ಟೆಸ್ಟು ಪಾಸ್, ಫಾರ್ಮು ಮಾತ್ರ ಯಾರಿಗೂ ಉಪಯೋಗವಿಲ್ಲ. ಜೊತೆಗೆ ಅದು ‘ಕ್ಲಿಕ್’ ಎಂಬ ಒಂದೇ ಘಟನೆಯನ್ನು ಕಳಿಸುತ್ತದೆ. ಮೌಸ್ ಒತ್ತಿದ, ಬಿಟ್ಟ ಘಟನೆಗಳಿಲ್ಲ. ಒತ್ತಿದ ಕ್ಷಣದಲ್ಲೇ ಬಿಚ್ಚಿಕೊಳ್ಳುವಂತೆ ಬರೆದ ಮೆನು ಅದಕ್ಕೆ ಜಪ್ಪಯ್ಯ ಅನ್ನುವುದಿಲ್ಲ. ಪ್ಲೇರೈಟಿನ ‘ಫೋರ್ಸ್’ (ಪರೀಕ್ಷೆಗಳನ್ನು ಬಿಟ್ಟು ಒತ್ತಿಬಿಡುವ) ಆಯ್ಕೆಯನ್ನೂ ಇದೇ ಅನುಮಾನದಿಂದ ನೋಡುವುದು ಒಳ್ಳೆಯದು. ಒಂದು ಕಡೆ ಮಾತ್ರ ಅಡ್ಡದಾರಿಯೇ ಬೇಡ: ಚಂದಕ್ಕಾಗಿ ನಿಜವಾದ ಚೆಕ್‌ಬಾಕ್ಸನ್ನು ಪಾರದರ್ಶಕ ಮಾಡಿ ಲೇಬಲ್ಲಿನ ಮೇಲೆ ಚಿತ್ರ ಬಿಡಿಸಿರುತ್ತಾರಲ್ಲ, ಅಲ್ಲಿ ಲೇಬಲ್ಲನ್ನೇ ಕ್ಲಿಕ್ಕಿಸಿ. ಬಳಸುವವರು ಒತ್ತುವುದೂ ಅದನ್ನೇ.

ಕ್ಲಿಕ್ ಬಿತ್ತು, ಏನೂ ಆಗಲಿಲ್ಲ

ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ದೋಷವೇ ಬರುವುದಿಲ್ಲ. ಸರ್ವರಿನಲ್ಲೇ ಸಿದ್ಧವಾಗಿ ಬರುವ ಪುಟಗಳಲ್ಲಿ ಬಟನ್ನಿನ ರೂಪ ಮೊದಲು ಬರುತ್ತದೆ, ಅದಕ್ಕೆ ಕೆಲಸ ಕಟ್ಟುವ ಜಾವಾಸ್ಕ್ರಿಪ್ಟ್ ಆಮೇಲೆ. ಈ ಜೋಡಣೆಗೆ ‘ಹೈಡ್ರೇಷನ್’ ಎನ್ನುತ್ತಾರೆ. ನಡುವಿನ ಅರೆಗಳಿಗೆಯಲ್ಲಿ ಬಟನ್ ಕಾಣುತ್ತದೆ, ಸಕ್ರಿಯವಾಗಿದೆ, ಮೇಲೆ ಏನೂ ಇಲ್ಲ. ತಂತಿ ಎಳೆಯದ ಕರೆಗಂಟೆಯ ಹಾಗೆ. ಮನುಷ್ಯರು ಇಷ್ಟು ಬೇಗ ಒತ್ತುವುದು ಅಪರೂಪ, ಸ್ಕ್ರಿಪ್ಟು ಒತ್ತುತ್ತದೆ.

ಇದಕ್ಕೆ ಹೊರಗಿನಿಂದ ನೋಡಿ ಹೇಳಬಲ್ಲ ಷರತ್ತಿಲ್ಲ. ಡೆವಲಪರುಗಳನ್ನು ಕೇಳಿ, ಜೋಡಣೆ ಮುಗಿಯುವವರೆಗೆ ಬಟನ್ನನ್ನು ಡಿಸೇಬಲ್ ಇಡಿಸಿ. ಬಳಸುವವರಿಗೂ ಅದು ಒಳ್ಳೆಯದು. ಆಗದಿದ್ದರೆ ಕ್ಲಿಕ್ಕಿನ ಫಲಿತಾಂಶ ಕಾಣದಿದ್ದಾಗ ಮತ್ತೆ ಕ್ಲಿಕ್ಕಿಸುವ ಸುತ್ತು ಬರೆಯಬೇಕು. ಮೆನು ತೆರೆಯುವಂಥ ಕೆಲಸಕ್ಕೆ ಇದು ಸರಿ, ಅದೂ ಮೆನು ತೆರೆದಿದೆಯೇ ಎಂದು ನೋಡಿಕೊಂಡು. ಇಲ್ಲದಿದ್ದರೆ ಎರಡನೇ ಕ್ಲಿಕ್ಕು ಅದನ್ನು ಮುಚ್ಚಿಬಿಡುತ್ತದೆ. ‘ಸಲ್ಲಿಸಿ’ ಬಟನ್ನಿಗೆ ಮಾತ್ರ ಬೇಡವೇ ಬೇಡ, ಒಬ್ಬನೇ ರೈತನ ಹೆಸರು ಎರಡು ಸಲ ನೋಂದಣಿಯಾದೀತು.

ಯಾವ ಕ್ಲಿಕ್ಕೇ ಇರಲಿ, ಅದರ ಬೆನ್ನಿಗೇ ಒಂದು ಪರೀಕ್ಷೆ ಇರಲಿ: ವಿಳಾಸ ಬದಲಾಯಿತೇ, ನೋಂದಣಿ ಸಂಖ್ಯೆ ಕಂಡಿತೇ, ಪಟ್ಟಿಗೆ ಒಂದು ಸಾಲು ಕೂಡಿತೇ. ಸರ್ವರಿನ ಉತ್ತರಕ್ಕೆ ಕಾಯುವುದಾದರೆ ಕಿವಿ ಕೊಡುವ ಸಾಲು ಕ್ಲಿಕ್ಕಿಗಿಂತ ಮೊದಲೇ ಬರಬೇಕು. ಕ್ಲಿಕ್ಕಿಸಿದ ಮೇಲೆ ಕಿವಿ ಕೊಟ್ಟರೆ ಉತ್ತರ ಆಗಲೇ ಬಂದು ಹೋಗಿರಬಹುದು, ಆಮೇಲೆ ಗಡುವು ಮುಗಿಯುವವರೆಗೆ ಕಾಯುವುದೇ ಕೆಲಸ.

ಕನ್ನಡ ಪಠ್ಯದ ಕಣ್ಣಿಗೆ ಕಾಣದ ಗಂಟು

ಎಲಿಮೆಂಟ್ ಹುಡುಕಲು ‘ಐಡಿ’ ಒಳ್ಳೆಯದೆಂದು ಪಾಠದಲ್ಲಿರುತ್ತದೆ. ಆದರೆ ಐಡಿಯ ಬಾಲದಲ್ಲಿ 4837ರಂಥ ಅಂಕಿ ಕಂಡರೆ ಅದನ್ನು ಫ್ರೇಮ್‌ವರ್ಕ್ ಹುಟ್ಟಿಸಿದ್ದು, ನಾಳೆ ಬೇರೆ ಇರಬಹುದು. ಬ್ರೌಸರಿನಿಂದ ನಕಲು ಮಾಡಿದ ಉದ್ದನೆಯ ಎಕ್ಸ್‌ಪಾತ್ (ಎಲಿಮೆಂಟಿಗೆ ಹೋಗುವ ದಾರಿಯ ವಿಳಾಸ) ಇನ್ನೂ ಕೆಟ್ಟದ್ದು, ನಡುವೆ ಒಂದು ‘ಡಿವ್’ ಸೇರಿದರೂ ದಾರಿ ತಪ್ಪುತ್ತದೆ. ಡೆವಲಪರುಗಳು ಪರೀಕ್ಷೆಗೆಂದೇ ಇಡುವ ‘ಡೇಟಾ-ಟೆಸ್ಟ್‌ಐಡಿ’ ಗುಣ ಎಲ್ಲಕ್ಕಿಂತ ಗಟ್ಟಿ. ಅದಿಲ್ಲದಿದ್ದರೆ ಎಲಿಮೆಂಟಿನ ಪಾತ್ರ ಮತ್ತು ಹೆಸರು, ಅಂದರೆ ‘ಸಲ್ಲಿಸಿ ಎಂಬ ಬಟನ್’.

ಹೆಸರು ಕನ್ನಡದಲ್ಲಿದ್ದಾಗ ಒಂದು ಹೊಸ ತಲೆನೋವು ಶುರು. ‘ಬೀದರ್’ ಎಂಬ ಪದವನ್ನೇ ನೋಡಿ. ಸಾಮಾನ್ಯವಾಗಿ ಅದು ಯೂನಿಕೋಡಿನ 5 ಸಂಕೇತ: ಬ, ಈ-ಕಾರದ ಚಿಹ್ನೆ, ದ, ರ, ಅರ್ಧಾಕ್ಷರದ ಚಿಹ್ನೆ. ಆದರೆ ಈ-ಕಾರವನ್ನು ಇ-ಕಾರದ ಗುಡಿಸು, ಅದರ ಮುಂದೆ ದೀರ್ಘ ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ಆಗ ಅದೇ ಪದ 6 ಸಂಕೇತ. ಹಳೆಯ ಫಾಂಟಿನಿಂದ ಪರಿವರ್ತಿಸಿದ ಡೇಟಾದಲ್ಲಿ ಇಂಥದ್ದು ಸಿಗಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಎಕ್ಸ್‌ಪಾತ್‌ಗೆ ಮಾತ್ರ ಬೇರೆ ಬೇರೆ ಪದ. ‘ಸೇಡಂ’, ‘ಚಿಂಚೋಳಿ’ಗಳ ದೀರ್ಘಕ್ಕೂ ಇದೇ ಪಾಡು. ಇದರ ಜೊತೆಗೆ ‘ಬೀದರ್‌ನ’ ಎಂದು ಬರೆಯುವಾಗ ರ್ ಆದಮೇಲೆ, ‘ನ’ ಒತ್ತಾಗದಂತೆ ತಡೆಯಲು ಬರುವ ಕಾಣದ ಸಂಕೇತವೊಂದಿದೆ, ಝಡ್‌ಡಬ್ಲ್ಯುಎನ್‌ಜೆ. ಯಾರೋ ಡೇಟಾ ತುಂಬುವಾಗ ‘ನ’ ಅಳಿಸಿ ಅದನ್ನು ಉಳಿಸಿದ್ದರೆ ಪದದ ಬಾಲದಲ್ಲಿ ಅದು ಸದ್ದಿಲ್ಲದೆ ಕೂತಿರುತ್ತದೆ.

ಎಕ್ಸ್‌ಪಾತ್‌ನ ‘ನಾರ್ಮಲೈಜ್-ಸ್ಪೇಸ್’ ಖಾಲಿ ಜಾಗವನ್ನಷ್ಟೇ ಒಪ್ಪಮಾಡುತ್ತದೆ. ಈ ಕಾಣದ ಸಂಕೇತವನ್ನು ಮುಟ್ಟುವುದಿಲ್ಲ. ಪುಟದ ಪಠ್ಯವನ್ನು ಓದಿಕೊಂಡು, ನಮ್ಮ ಪಠ್ಯವನ್ನೂ ಅದನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತಂದು ಹೋಲಿಸಿ. ಎನ್‌ಎಫ್‌ಸಿ ದೀರ್ಘವನ್ನು ಕೂಡಿಸುತ್ತದೆ, ಝಡ್‌ಡಬ್ಲ್ಯುಎನ್‌ಜೆಯನ್ನು ತೆಗೆಯುವುದಿಲ್ಲ. ಅದನ್ನು ಬೇರೆಯಾಗಿಯೇ ಅಳಿಸಬೇಕು. ಕಾಗುಣಿತದ ಮಾತಂತೂ ಬೇರೆ: ಜೇವರ್ಗಿ, ಜೇವರಗಿ ಎರಡೂ ಚಾಲ್ತಿಯಲ್ಲಿವೆ, 2014ರ ನವೆಂಬರ್ 1ರಂದು ಹೆಸರು ಬದಲಾದರೂ ಹಳೆಯ ಡೇಟಾಬೇಸಿನಲ್ಲಿ ಗುಲ್ಬರ್ಗಾ ಉಳಿದಿರಬಹುದು. ತಾಲ್ಲೂಕಿನ ಪಟ್ಟಿಗೆ ಹೆಸರಿಗಿಂತ ಕೋಡ್ ಸಂಖ್ಯೆ ನೋಡಿ ಆರಿಸುವುದು ನೆಮ್ಮದಿ.

ಹುಡುಕಾಟದ ತೊಡಕು ಇನ್ನೂ ಕೆಲವಿವೆ. ಐಫ್ರೇಮ್ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟ) ಒಳಗಿನ ಎಲಿಮೆಂಟಿಗೆ ಮೊದಲು ಆ ಫ್ರೇಮಿಗೆ ಹೊಕ್ಕು, ಕೆಲಸ ಮುಗಿದ ಮೇಲೆ ಹೊರಬರಬೇಕು. ಶ್ಯಾಡೋ ಡಾಮ್ (ಉಳಿದ ಪುಟದಿಂದ ಬೇರ್ಪಡಿಸಿಟ್ಟ ಭಾಗ) ಒಳಗೆ ಎಕ್ಸ್‌ಪಾತ್ ನಡೆಯದು, ಸಿಎಸ್‌ಎಸ್ ಸೆಲೆಕ್ಟರ್ ಬಳಸಿ. ಊರುಗಳ ಉದ್ದನೆಯ ಪಟ್ಟಿ ‘ವರ್ಚುವಲ್’ ಆಗಿದ್ದರೆ ಪರದೆಗೆ ಹಿಡಿಸುವಷ್ಟು ಸಾಲು ಮಾತ್ರ ಪುಟದಲ್ಲಿರುತ್ತವೆ. ಉಳಿದವು ಸ್ಕ್ರೋಲ್ ಮಾಡಿದಾಗಲೇ ಹುಟ್ಟುವುದು.

ರಾತ್ರಿ ಮಾತ್ರ ಫೇಲಾದರೆ

ಸೆಲೆನಿಯಮ್ ಬಿಟ್ಟು ಬೇರೆಯದಕ್ಕೆ ಹೋದರೆ ಇದೆಲ್ಲ ತಪ್ಪುತ್ತದೆಯೇ? ಅರ್ಧ ತಪ್ಪುತ್ತದೆ. ಮೈಕ್ರೋಸಾಫ್ಟ್ 2020ರಲ್ಲಿ ತಂದ ಪ್ಲೇರೈಟ್ ಪ್ರತಿ ಕ್ಲಿಕ್ಕಿಗೆ ಮುಂಚೆ ತಾನೇ ನಾಲ್ಕು ವಿಷಯ ನೋಡುತ್ತದೆ: ಕಾಣುತ್ತಿದೆಯೇ, ಎರಡು ಅನಿಮೇಷನ್ ಫ್ರೇಮುಗಳ ನಡುವೆ ಕದಲದೆ ನಿಂತಿದೆಯೇ, ಕ್ಲಿಕ್ ಅದಕ್ಕೇ ತಲುಪುತ್ತದೆಯೇ, ಸಕ್ರಿಯವಾಗಿದೆಯೇ. ಸೈಪ್ರೆಸ್ ಎಂಬ ಇನ್ನೊಂದು ಸಾಧನ ಕೂಡ ಮೊದಲಿಗೆ 4 ಸೆಕೆಂಡಿನವರೆಗೆ ಮತ್ತೆ ಮತ್ತೆ ನೋಡುತ್ತದೆ. ಆದರೆ ಬೀದರ್ ಆರಿಸಿದಾಗ ಎದುರಿಗಿರುವ ಪಟ್ಟಿ ಹಳೆಯ ಕಲಬುರಗಿಯದು ಎಂಬುದು ಎರಡಕ್ಕೂ ಗೊತ್ತಾಗುವುದಿಲ್ಲ. ಅದನ್ನು ನೀವೇ ಹೇಳಬೇಕು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಪಾಸಾಗಿ, ರಾತ್ರಿ ಸರ್ವರಿನಲ್ಲಿ ತಾನಾಗಿ ಓಡುವಾಗ ಫೇಲಾಗುವ ಟೆಸ್ಟಿಗೆ ಮೊದಲು ಕಿಟಕಿಯ ಅಳತೆ ನೋಡಿ. ಹೆಡ್‌ಲೆಸ್ ಕ್ರೋಮ್ (ಪರದೆಯ ಮೇಲೆ ಕಾಣದೆ ಓಡುವ ಕ್ರೋಮ್) ಬಹಳ ಸಲ 800 ಅಗಲ, 600 ಎತ್ತರದಲ್ಲಿ ತೆರೆಯುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಪುಟ ತನ್ನನ್ನು ಸಣ್ಣ ಪರದೆಯೆಂದು ತಿಳಿದು ಮೆನುವನ್ನು ಮೂರು ಗೆರೆಯ ಗುರುತಿನೊಳಗೆ ಮಡಚಿಟ್ಟಿರಬಹುದು. ಅಳತೆಯನ್ನು ನೀವೇ 1920 ಗುಣಿಸು 1080 ಎಂದು ಕೊಡಿ. ಆಮೇಲೂ ಫೇಲಾದರೆ ಬ್ರೌಸರಿನೊಳಗೇ ಇರುವ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡಿ ಅದೇ ಹೆಜ್ಜೆಗಳನ್ನು ಕೈಯಿಂದ ಇಟ್ಟು ನೋಡಿ, ಹಳೆಯ ಪಟ್ಟಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕಣ್ಣಿಗೇ ಕಾಣುತ್ತದೆ. ಮೌಸ್ ಸರಿಸಿದೊಡನೆ ಮಾಯವಾಗುವ ಪಟ್ಟಿಯ ಟ್ಯಾಗು ನೋಡಬೇಕಾದರೆ ಕನ್ಸೋಲಿನಲ್ಲಿ 3 ಸೆಕೆಂಡಿನ ಟೈಮರ್ ಕಟ್ಟಿ ಅದರೊಳಗೆ ‘ಡಿಬಗರ್’ ಆಜ್ಞೆ ಇಡಿ. ಅಷ್ಟರಲ್ಲಿ ಪಟ್ಟಿ ತೆರೆದು ಹಿಡಿದರೆ ಪುಟ ಹಾಗೇ ಸ್ತಬ್ಧವಾಗುತ್ತದೆ.

ಇದೆಲ್ಲ ನಿಮ್ಮದೇ ಟೆಸ್ಟ್ ಸರ್ವರಿನ ಮೇಲೆ. ರೈತರು ಬಳಸುತ್ತಿರುವ ನಿಜವಾದ ಸೈಟಿನ ಮೇಲೆ ಸ್ಕ್ರಿಪ್ಟು ಬಿಡಬೇಡಿ. ಕ್ಯಾಪ್ಚಾ, ಒಟಿಪಿಗಳನ್ನು ಸ್ಕ್ರಿಪ್ಟಿನಿಂದ ದಾಟಿಸುವ ಸಾಹಸವೂ ಬೇಡ, ಟೆಸ್ಟ್ ಸರ್ವರಿನಲ್ಲಿ ಅವನ್ನು ಬಂದ್ ಮಾಡಿಸಿಡಿ.

ಸರಿಪಡಿಸಿದ ಟೆಸ್ಟು ಒಮ್ಮೆ ಪಾಸಾದರೆ ನಂಬಬೇಡಿ. ಮೊದಲು ಹತ್ತಕ್ಕೆ ಮೂರು ಸಲ ಬೀಳುತ್ತಿದ್ದದ್ದು ಒಂದು ಸಲ ಪಾಸಾಗುವುದು ಏನೂ ದೊಡ್ಡದಲ್ಲ, ಸರಿಪಡಿಸದಿದ್ದರೂ ಆಗುತ್ತಿತ್ತು. ಅದೊಂದನ್ನೇ 50 ಸಲ ಓಡಿಸಿ. ಪ್ಲೇರೈಟಿನಲ್ಲಿ ಅದಕ್ಕೆಂದೇ ‘ರಿಪೀಟ್-ಈಚ್’ ಆಯ್ಕೆ ಇದೆ, ಬೇರೆ ಕಡೆ ಒಂದು ಲೂಪು ಸಾಕು. 50ರಲ್ಲಿ ಒಂದು ಬಿದ್ದರೂ ಆ ಒಂದರ ಸ್ಕ್ರೀನ್‌ಶಾಟ್ ತೆರೆದು, ತಾಲ್ಲೂಕಿನ ಪೆಟ್ಟಿಗೆಯಲ್ಲಿ ಯಾವ ಊರಿತ್ತು ನೋಡಿ.